ಸೋಡಾ ಜಾಹೀರಾತಿನ ಹಿಂದೆ ಇರುವ ಎಣ್ಣೆ: ಮಕ್ಕಳಿಗೆ ತೋರಿಸಿಕೊಡುವುದು ಹೇಗೆ

ಮನೆಯಲ್ಲಿ ಹದಿಮೂರು ಹದಿನಾಲ್ಕರ ಮಗನೋ ಮಗಳೋ ಇದ್ದರೆ, ಕುಡಿತದ ಬಗ್ಗೆ ಭಾಷಣ ಶುರು ಮಾಡುವ ಮೊದಲು ಸುಮ್ನೆ ಒಂದು ಪ್ರಶ್ನೆ ಕೇಳಿ ನೋಡಿ. ನಿಂಗೆ ಎಷ್ಟು ಎಣ್ಣೆ ಬ್ರ್ಯಾಂಡ್ ಹೆಸರು ಗೊತ್ತು? ಒಂದು ಹನಿ ಮುಟ್ಟದ ಮಕ್ಕಳೂ ನಾಲ್ಕೈದು ಹೆಸರು ಪಟಪಟ ಹೇಳಿಬಿಡುತ್ತಾರೆ, ಕೆಲವರು ಟ್ಯೂನ್ ಕೂಡ ಗುನುಗುತ್ತಾರೆ. ಟಿವಿಯಲ್ಲಿ ಮದ್ಯದ ಜಾಹೀರಾತೇ ಹಾಕುವಂತಿಲ್ಲ, ಹಾಗಾದರೆ ಇವರಿಗೆ ಹೇಳಿಕೊಟ್ಟಿದ್ದು ಯಾರು? ಮಾತು ಅಲ್ಲಿಂದ ಶುರುವಾಗಲಿ.

ನಿಷೇಧ ಇರುವುದು ನಿಜ. 1994ರ ಕೇಬಲ್ ಟಿವಿ ನಿಯಮಗಳಲ್ಲೇ ಇದೆ. ಕಂಪನಿಗಳು ಕಂಡುಕೊಂಡ ದಾರಿ ಏನಂದರೆ ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರ, ಕೆಳಗೆ ಮಾತ್ರ ಸಣ್ಣದಾಗಿ ಸೋಡಾ, ಕುಡಿಯುವ ನೀರು ಅಥವಾ ಮ್ಯೂಸಿಕ್ ಸಿಡಿ. ಇದಕ್ಕೆ ಸರೋಗೇಟ್ ಜಾಹೀರಾತು ಅಂತಾರೆ. ಕಿಂಗ್‌ಫಿಶರ್ ನೀರು, ಮ್ಯಾಕ್‌ಡೊವೆಲ್ಸ್ ಸೋಡಾ, ಇಂಪೀರಿಯಲ್ ಬ್ಲೂ ಸಿಡಿ ಎಲ್ಲ ಹೀಗೆ ಬಂದವು. (ಸಿಡಿ ಹಾಕುವುದಕ್ಕೆ ಇವತ್ತು ಯಾರ ಮನೆಯಲ್ಲಿ ಪ್ಲೇಯರ್ ಇದೆ ಹೇಳಿ!) ಇನ್ನೂ ಹತ್ತಿರದ ಉದಾಹರಣೆ ಬೇಕಾ? 2008ರಲ್ಲಿ ಐಪಿಎಲ್ ಶುರುವಾದಾಗ ಬೆಂಗಳೂರು ತಂಡ ವಿಜಯ್ ಮಲ್ಯ ಅವರ ಮದ್ಯದ ಕಂಪನಿಯ ಕೈಲಿತ್ತು, ಆ ಕಂಪನಿಯ ರಾಯಲ್ ಚಾಲೆಂಜ್ ವಿಸ್ಕಿಯ ಹೆಸರನ್ನೇ ತಂಡಕ್ಕೂ ಇಟ್ಟರು. ಆರ್‌ಸಿಬಿ ಅಭಿಮಾನ ಬಿಡಿ ಅಂತಲ್ಲ, ನಾನೂ 'ಈ ಸಲ ಕಪ್ ನಮ್ದೇ' ಅಂತ ಕೂಗಿದವನೇ. ಹೆಸರು ಎಲ್ಲಿಂದ ಬಂತು ಅಂತ ಮಕ್ಕಳಿಗೆ ಗೊತ್ತಿರಲಿ, ಅಷ್ಟೇ.

ಈಗ ಮ್ಯಾಚ್ ನೋಡುತ್ತಾ ಜೊತೆಗೆ ಕೂತುಕೊಳ್ಳಿ. ಓವರ್ ಮಧ್ಯೆ ಇಂಥ ಜಾಹೀರಾತು ಬಂದಾಗ ಚಾನೆಲ್ ಬದಲಿಸಬೇಡಿ. ಇವರು ಏನು ಮಾರುತ್ತಿದ್ದಾರೆ ಅಂತ ಕೇಳಿ. 'ಸೋಡಾ' ಅಂದರೆ, ಸೋಡಾ ಎಷ್ಟು ಹೊತ್ತು ಕಾಣಿಸಿತು, ಯಾರಾದರೂ ಅದರ ರುಚಿ ಬಗ್ಗೆ ಮಾತಾಡಿದರಾ ಅಂತ ಮುಂದುವರಿಸಿ. ಸಾಮಾನ್ಯವಾಗಿ ಇರೋದು ಹಳೇ ಗೆಳೆಯರು, ನಗು, ಹಾಡು, ಕೊನೆಗೆ ದೊಡ್ಡದಾಗಿ ಬ್ರ್ಯಾಂಡ್ ಹೆಸರು. ಮರುದಿನ ಅಂಗಡಿಗೆ ಹೋದಾಗ ಆ ಸಿಡಿನೋ ಸೋಡಾನೋ ಇದೆಯಾ ಅಂತ ಮಗುವಿನ ಕೈಲೇ ಕೇಳಿಸಿ. ಅಂಗಡಿಯವರು ಮುಖ ನೋಡುವ ರೀತಿಯಲ್ಲೇ ಅರ್ಧ ಪಾಠ ಮುಗಿದಿರುತ್ತದೆ.

ಜಾಹೀರಾತು ನೋಡಿದ ತಕ್ಷಣ ಯಾವ ಹುಡುಗನೂ ವೈನ್ ಶಾಪ್‌ಗೆ ಓಡುವುದಿಲ್ಲ. ಅದು ಕೆಲಸ ಮಾಡುವುದು ನಿಧಾನವಾಗಿ. ಗೆಳೆತನ, ಗೆಲುವು, ದೊಡ್ಡವನಾಗುವುದು, ಈ ವಯಸ್ಸಿನಲ್ಲಿ ಮಕ್ಕಳಿಗೆ ಬೇಕಿರುವುದೇ ಇವು. ಅವುಗಳ ಪಕ್ಕದಲ್ಲೇ ಒಂದು ಹೆಸರು ಮತ್ತೆ ಮತ್ತೆ ಕಾಣುತ್ತಿದ್ದರೆ, ಮುಂದೆ ಕಾಲೇಜಿನಲ್ಲಿ ಯಾರೋ ಗ್ಲಾಸ್ ಕೊಟ್ಟಾಗ ಅದು ಹೊಸದು ಅನಿಸುವುದೇ ಇಲ್ಲ. 2009ರಲ್ಲಿ ಪ್ರಕಟವಾದ ಒಂದು ಪರಿಶೀಲನೆ, ಎಳೆಯರನ್ನು ವರ್ಷಗಟ್ಟಲೆ ಗಮನಿಸಿದ 13 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಅವುಗಳಲ್ಲಿ ಇದ್ದವರು 38,000ಕ್ಕೂ ಜಾಸ್ತಿ. 12 ಅಧ್ಯಯನಗಳಲ್ಲಿ ಕಂಡದ್ದು ಒಂದೇ: ಪ್ರಚಾರ ಹೆಚ್ಚು ಕಂಡವರು ಕುಡಿಯಲು ಶುರು ಮಾಡುವ ಸಾಧ್ಯತೆ ಜಾಸ್ತಿ, ಆಗಲೇ ಕುಡಿಯುತ್ತಿದ್ದವರು ಇನ್ನೂ ಹೆಚ್ಚು ಕುಡಿಯುತ್ತಾರೆ.

ರೀಲ್ಸ್ ಮಾತ್ರ ಕಷ್ಟ. ಅಲ್ಲಿ ಯಾವುದು ಗೆಳೆಯರ ಪಾರ್ಟಿ, ಯಾವುದು ದುಡ್ಡು ಕೊಟ್ಟು ಮಾಡಿಸಿದ್ದು ಅಂತ ತಿಳಿಯಲ್ಲ. ಮೂಲೆಯಲ್ಲಿ 'ಪೇಯ್ಡ್ ಪಾರ್ಟ್ನರ್‌ಶಿಪ್' ಅಂತ ಇದೆಯಾ ನೋಡುವುದನ್ನು ಕಲಿಸಿ. ಫೋನ್ ಕಿತ್ತುಕೊಂಡು ತಪಾಸಣೆ ಮಾಡಬೇಡಿ, 'ನಿಂಗೆ ಬಂದಿದ್ದನ್ನು ತೋರಿಸು' ಅಂತ ಕೇಳಿ. ಹಾಗೇ ಮನೆಯಲ್ಲಿ ದೊಡ್ಡವರು ಕುಡಿಯಲು ಕೂತಾಗ ಸೋಡಾ, ಚಿಪ್ಸ್ ತರಲು ಮಗನನ್ನೇ ಅಂಗಡಿಗೆ ಕಳಿಸುವ ಅಭ್ಯಾಸ ಇದ್ದರೆ ಮೊದಲು ಅದನ್ನು ನಿಲ್ಲಿಸಿ. ಅದೂ ಪ್ರಚಾರವೇ, ಬಿಟ್ಟಿ ಪ್ರಚಾರ.

ದೂರು ಕೊಡಬಹುದು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತಂದ ಮಾರ್ಗಸೂಚಿಯಲ್ಲಿ ಸರೋಗೇಟ್ ಜಾಹೀರಾತಿಗೆ ತಡೆ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಸ್ಕ್ರೀನ್‌ಶಾಟ್, ಚಾನೆಲ್ ಹೆಸರು, ದಿನ, ಸಮಯ ಬರೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ವಿವರ ಬರೆಯುವ ಕೆಲಸ ಮಗುವಿಗೇ ಕೊಡಿ, ಪತ್ತೇದಾರಿ ಕೆಲಸ ಮಕ್ಕಳಿಗೆ ಇಷ್ಟ.

ಈಗಾಗಲೇ ಕುಡಿಯಲು ಶುರು ಮಾಡಿದ್ದಾರೆ ಅಂತ ಗೊತ್ತಾದರೆ ಇದೆಲ್ಲ ಸಾಲದು. ಕೂಗಾಡದೆ ಮಾತಾಡಿಸಿ, ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್‌ಗೆ ಹೋಗಿ.