ಬೊಂಡದ ನೀರು, ಕಾಯಿಹಾಲು, ಸ್ವಲ್ಪ ರಮ್: ನನ್ನ ಅನುಭವ

ನಮ್ಮ ಮನೆ ಬಂಟ್ವಾಳದ ಹತ್ತಿರ. ಹಿತ್ತಲಲ್ಲಿ 14 ತೆಂಗಿನ ಮರಗಳಿವೆ, ಅದರಲ್ಲಿ 3 ಗೆಂದಾಳಿ, ಅಂದರೆ ಕಿತ್ತಳೆ ಬಣ್ಣದ ಕಾಯಿ ಬಿಡುವ ತಳಿ. ಏಪ್ರಿಲ್ ಬಂತೆಂದರೆ ಇಲ್ಲಿನ ಸೆಕೆ ಹೇಳತೀರದು. ಸ್ನಾನ ಮಾಡಿ ಮೈ ಒರೆಸುವಷ್ಟರಲ್ಲಿ ಮತ್ತೆ ಬೆವರು. ಮಕ್ಕಳಿಗೆ ರಜೆ, ನೆಂಟರು ಬರುವ ಕಾಲವೂ ಅದೇ. ಬಂದವರಿಗೆ ಚಹಾಕ್ಕಿಂತ ಮೊದಲು ಬೊಂಡ ಕೆತ್ತಿ ಕೊಡುವುದು ನಮ್ಮಲ್ಲಿ ವಾಡಿಕೆ. ಘಟ್ಟದ ಮೇಲಿನವರು ಎಳನೀರು ಅನ್ನುವುದೇ ನಮಗೆ ಬೊಂಡ.

ಬೊಂಡವನ್ನು ಕೆತ್ತಿ ಹಾಗೇ ಕುಡಿಯುವುದಕ್ಕೆ ಯಾವ ವಿದ್ಯೆಯೂ ಬೇಡ. ಅದರಿಂದ ಬೇರೆ ಏನಾದರೂ ಮಾಡಲು ಹೊರಟಾಗಲೇ ತಪ್ಪುಗಳು ಶುರು. ನನ್ನ ಮೊದಲ ತಪ್ಪು ನಾದಿನಿಯ ಸೀಮಂತದ ದಿನ ಆಯಿತು. 25 ಜನಕ್ಕೆ ಬೊಂಡ ಶರಬತ್ತು ಮಾಡುತ್ತೇನೆ ಅಂತ ನಾನೇ ಒಪ್ಪಿಕೊಂಡಿದ್ದೆ. ಬೆಳಿಗ್ಗೆ 8 ಗಂಟೆಗೆ ಎಲ್ಲ ಬೊಂಡ ಕೆತ್ತಿಸಿ, ನೀರನ್ನು ದೊಡ್ಡ ಪಾತ್ರೆಗೆ ಸುರಿದು, ಸಕ್ಕರೆ ಹಾಕಿ ಮುಚ್ಚಿಟ್ಟೆ. ಹನ್ನೊಂದೂವರೆಗೆ ಮುಚ್ಚಳ ತೆಗೆದರೆ ನೀರಿಗೆ ತೆಳು ಗುಲಾಬಿ ಬಣ್ಣ ಬಂದಿತ್ತು. ಕುಡಿದರೆ ಹಳಸಲು ರುಚಿ. ಅಷ್ಟನ್ನೂ ತೆಂಗಿನ ಬುಡಕ್ಕೆ ಸುರಿದೆವು. ಅತ್ತೆ ಬೈಯಲಿಲ್ಲ. "ಬೊಂಡದ ನೀರು ನಮಗಾಗಿ ಕಾಯುವುದಿಲ್ಲ ಮಗಾ, ಕಾಯುವುದಿದ್ದರೆ ನಾವೇ ಕಾಯಬೇಕು" ಅಂದರು.

ಕಾರಣ ಆಮೇಲೆ ತಿಳಿಯಿತು. ಸೇಬು ಕೊಯ್ದಿಟ್ಟರೆ ಕಂದು ಬಣ್ಣಕ್ಕೆ ತಿರುಗುತ್ತದೆ ಅಲ್ವಾ, ಬೊಂಡದ ನೀರಿನಲ್ಲೂ ಅಂಥದೇ ಕಿಣ್ವಗಳಿವೆ. ಚಿಪ್ಪಿನೊಳಗೆ ಇರುವ ತನಕ ಏನೂ ಆಗುವುದಿಲ್ಲ. ಗಾಳಿ ತಾಗಿತೋ, ಅವು ಕೆಲಸ ಶುರು ಮಾಡುತ್ತವೆ. ಸೆಕೆಯಲ್ಲಿ ಹುಳಿ ಬರುವುದೂ ಬೇಗ. ತಣ್ಣಗಿಟ್ಟರೆ, ನಿಂಬೆಹುಳಿ ಬಿದ್ದರೆ ಬಣ್ಣ ತಿರುಗುವುದು ನಿಧಾನವಾಗುತ್ತದೆ. ಹಾಗಾಗಿ ನಾನು ಈಗ ಹಿಂದಿನ ರಾತ್ರಿಯೇ ಬೊಂಡಗಳನ್ನು ಇಡಿಯಾಗಿ ಫ್ರಿಜ್ಜಿನಲ್ಲಿಡುತ್ತೇನೆ. ಎಲ್ಲವೂ ಹಿಡಿಸದಿದ್ದರೆ ಬಾವಿಕಟ್ಟೆಯ ನೆರಳಲ್ಲಿ ಒದ್ದೆ ಗೋಣಿ ಮುಚ್ಚಿಡುತ್ತೇನೆ. ಕೆತ್ತುವುದು ಕುಡಿಯುವ ಅರ್ಧ ಗಂಟೆ ಮೊದಲು. ನೀರು ಪಾತ್ರೆಗೆ ಬಿದ್ದ ಕೂಡಲೇ ಲಿಂಬೆ ಹಿಂಡುತ್ತೇನೆ, ಸಕ್ಕರೆ ಆಮೇಲೆ.

ಬೊಂಡ ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ತೆಂಗು ಪೂರ್ತಿ ಬಲಿಯಲು ಸುಮಾರು 12 ತಿಂಗಳು ಬೇಕು. ಕುಡಿಯಲು ಒಳ್ಳೆಯದು 6ರಿಂದ 7 ತಿಂಗಳಿನದು. ನೀರೂ ಜಾಸ್ತಿ, ಸಿಹಿಯೂ ಜಾಸ್ತಿ, ಗಂಜಿ ಚಮಚದಲ್ಲಿ ಎಬ್ಬಿಸುವಷ್ಟು ಮೆತ್ತಗೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗುಳುಗುಳು ಸದ್ದು ಬಂದರೆ ಅದು ಬಲಿತಿದೆ ಅಂತ ಅರ್ಥ. ಎಳೆಯದರಲ್ಲಿ ನೀರು ತುಂಬಿಕೊಂಡಿರುವುದರಿಂದ ಸದ್ದೇ ಬರುವುದಿಲ್ಲ. ಗೊನೆಯನ್ನು ಹಗ್ಗ ಕಟ್ಟಿ ಇಳಿಸಬೇಕು. ಮೇಲಿಂದ ಬಿದ್ದದ್ದರ ಚಿಪ್ಪು ಒಳಗೇ ಬಿರುಕು ಬಿಟ್ಟಿರುತ್ತದೆ, ಹೊರಗೆ ಕಾಣುವುದಿಲ್ಲ. ಮರುದಿನ ಕೆತ್ತಿದರೆ ಹುಳಿ.

ಈಗ ಶರಬತ್ತಿನ ಅಳತೆ ಹೇಳುತ್ತೇನೆ. 4 ಬೊಂಡದ ನೀರು ಸುಮಾರು ಒಂದು ಲೀಟರು ಅಂತಿಟ್ಟುಕೊಳ್ಳಿ. ಅದಕ್ಕೆ 2 ಲಿಂಬೆ, 2 ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು. ಗಂಜಿಯಲ್ಲಿ ಅರ್ಧವನ್ನು ಉದ್ದುದ್ದಕ್ಕೆ ಸೀಳಿ ಹಾಕಬೇಕು. ಇನ್ನರ್ಧವನ್ನು ಸ್ವಲ್ಪ ನೀರಿನ ಜೊತೆ ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ ಬೆರೆಸಬೇಕು. ಪುದೀನ ಎಲೆಯನ್ನು ಅಂಗೈಯಲ್ಲಿಟ್ಟು ಒಮ್ಮೆ ತಟ್ಟಿ ಹಾಕಿದರೆ ಸಾಕು, ಅರೆದರೆ ಕಹಿ ಬರುತ್ತದೆ. ಮಂಗಳೂರಿನ ಅಂಗಡಿಗಳಲ್ಲಿ ಸಕ್ಕರೆ ಇದಕ್ಕಿಂತ ಜಾಸ್ತಿ ಹಾಕುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಬೊಂಡಕ್ಕೆ ತನ್ನದೇ ಸಿಹಿ ಇದೆ, ಅದು ನಾಲಿಗೆಗೆ ಸಿಗಬೇಕು. ಉಪ್ಪು ಮಾತ್ರ ಬಿಡಬೇಡಿ. ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ. ಅದೇ ಪೊಟ್ಯಾಸಿಯಂನಿಂದಾಗಿ ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರನ್ನು ಕೇಳದೆ ಇದನ್ನು ಕೊಡಬಾರದು. ನಮ್ಮ ದೊಡ್ಡಪ್ಪನಿಗೆ ಆಸೆ ಇದ್ದರೂ ನಾವು ಕೊಡುವುದಿಲ್ಲ.

ಐಸಿನ ವಿಷಯ ಮರೆತೆ. ಬರೀ ನೀರಿನ ಐಸ್ ಹಾಕಿದರೆ ಹತ್ತು ನಿಮಿಷದಲ್ಲಿ ಶರಬತ್ತು ಸಪ್ಪೆ. ನಾನು ಬೊಂಡದ ನೀರನ್ನೇ ಐಸ್ ಟ್ರೇಗೆ ಸುರಿದು ಗಟ್ಟಿ ಮಾಡಿಟ್ಟುಕೊಳ್ಳುತ್ತೇನೆ. ಮುಂದೆ ಹೇಳುವ ಎಲ್ಲ ಪಾನೀಯಕ್ಕೂ ಅದೇ ಐಸ್.

ಬೊಂಡಕ್ಕಿಂತ ನನಗೆ ಹೆಚ್ಚು ಇಷ್ಟದ್ದು ಕಾಯಿಹಾಲು. ಒತ್ತುಶಾವಿಗೆಯ ಜೊತೆ ಬಡಿಸುವ ಬೆಲ್ಲದ ಕಾಯಿಹಾಲು ಗೊತ್ತಲ್ಲ, ಅದನ್ನೇ ಸ್ವಲ್ಪ ತೆಳು ಮಾಡಿ ತಣ್ಣಗೆ ಕುಡಿದು ನೋಡಿ. ಚೆನ್ನಾಗಿ ಬಲಿತ ಒಂದು ಕಾಯಿ ತುರಿಯಿರಿ. ಕರಟದ ಹತ್ತಿರದ ಕಂದು ಭಾಗ ಬರದ ಹಾಗೆ ತುರಿದರೆ ಹಾಲು ಬೆಳ್ಳಗಿರುತ್ತದೆ. ಮುಕ್ಕಾಲು ಲೋಟ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿದರೆ ಬರುವುದು ಮೊದಲ ಹಾಲು. ಅದನ್ನು ಬೇರೆ ಇಡಿ. ಅದೇ ತುರಿಗೆ ಇನ್ನೂ ಒಂದೂವರೆ ಲೋಟ ನೀರು ಹಾಕಿ ರುಬ್ಬಿ ಹಿಂಡಿದರೆ ಎರಡನೇ ಹಾಲು. ತಣ್ಣೀರಿನಲ್ಲಿ ರುಬ್ಬಿದರೆ ಜಿಡ್ಡು ತುರಿಯಲ್ಲೇ ಉಳಿಯುತ್ತದೆ, ಬಟ್ಟೆ ಎಷ್ಟು ಹಿಂಡಿದರೂ ಬರುವುದಿಲ್ಲ.

ಬೆಲ್ಲದ ಪಾಕವನ್ನು ಸೋಸಿ, ಪೂರ್ತಿ ಆರಿದ ಮೇಲೆಯೇ ಹಾಲಿಗೆ ಹಾಕಬೇಕು. ಬಿಸಿ ಪಾಕ ಹಾಕಿ ಎರಡು ಸಲ ಹಾಲು ಒಡೆಸಿಕೊಂಡಿದ್ದೇನೆ. ಒಂದು ಕಾಯಿಯ ಎರಡೂ ಹಾಲು ಸೇರಿಸಿದ್ದಕ್ಕೆ ಲಿಂಬೆ ಗಾತ್ರದ 2 ಉಂಡೆ ಬೆಲ್ಲ, 3 ಏಲಕ್ಕಿ, ಕಾಲು ಚಮಚ ಶುಂಠಿ ಪುಡಿ, ಒಂದು ಹರಳು ಉಪ್ಪು. ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ. ಕೆಟ್ಟಿದೆ ಅಂತ ಹೆದರಬೇಡಿ. ತೆಂಗಿನೆಣ್ಣೆ 24–25 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಅಷ್ಟೇ. ಕಡಗೋಲಿನಲ್ಲಿ ಒಮ್ಮೆ ಕಡೆದರೆ ಸರಿಹೋಗುತ್ತದೆ.

ಸಿಹಿ ಬೇಡದವರಿಗೆ ಪುನರ್ಪುಳಿಯದ್ದು (ಕೋಕಂ ಹಣ್ಣಿನದ್ದು) ಮಾಡುತ್ತೇನೆ. ಒಣಗಿಸಿದ ಸಿಪ್ಪೆ 10–12, ಒಂದು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಯಲಿ. ಕಿವುಚಿ ಸೋಸಿ, ಆ ರಸ ಆರಿದ ಮೇಲೆ ಕಾಯಿಹಾಲಿಗೆ ಬೆರೆಸಿ. 2 ಎಸಳು ಬೆಳ್ಳುಳ್ಳಿ, ಅರ್ಧ ಹಸಿಮೆಣಸು ಜಜ್ಜಿ ಹಾಕಿ, ಉಪ್ಪು. ಕೊಂಕಣಿಯವರ ಮನೆಯಲ್ಲಿ ಇದೇ ಸೋಲ್ ಕಡಿ. ಮೀನೂಟದ ಮೇಲೆ ಇದರಷ್ಟು ಹಿತ ಬೇರೆ ಇಲ್ಲ. ಎರಡು ಗಂಟೆಯೊಳಗೆ ಮುಗಿಸಿಬಿಡಿ, ಹುಳಿಗೆ ಹಾಲು ನಿಧಾನಕ್ಕೆ ಒಡೆಯುತ್ತದೆ.

ಇನ್ನು ರಮ್. ನಮ್ಮ ಮೈದುನ ಪ್ರವಾಸಿ ಹಡಗಿನಲ್ಲಿ ಕೆಲಸಕ್ಕಿದ್ದ, ಕೆರಿಬಿಯನ್ ಕಡೆಗೆ ಹೋಗುವ ಹಡಗು. ರಜೆಗೆ ಬಂದಾಗ ನನ್ನ ಕಾಯಿಹಾಲು ಕುಡಿದು ಲೋಟ ಕೆಳಗಿಟ್ಟವನೇ, "ಅತ್ತಿಗೆ, ಪೋರ್ಟೊ ರಿಕೊದಲ್ಲಿ ಕ್ರಿಸ್ಮಸ್ಸಿಗೆ ಇದನ್ನೇ ಕುಡಿಯುತ್ತಾರೆ ಗೊತ್ತುಂಟಾ? ರಮ್ ಒಂದು ಜಾಸ್ತಿ" ಅಂದ. ಅದರ ಹೆಸರು ಕೊಕಿಟೊ. ತೆಂಗಿನ ಹಾಲು, ಡಬ್ಬಿಯಲ್ಲಿ ಬರುವ ಗಟ್ಟಿ ಸಿಹಿ ಹಾಲು (ಕಂಡೆನ್ಸ್ಡ್ ಮಿಲ್ಕ್), ದಾಲ್ಚಿನ್ನಿ, ರಮ್. ಸಮುದ್ರದ ಆಚೆ ಕಡೆಯ ಅಡಿಗೆಮನೆಯಲ್ಲೂ ಕಾಯಿ ಹಿಂಡುತ್ತಾರೆ ಅಂತ ಕೇಳಿ ನನಗೆ ತುಂಬ ಖುಷಿಯಾಯಿತು. ಅವತ್ತೇ ಮಾಡಿ ನೋಡಿದೆವು. ನಾನು ಡಬ್ಬಿಯ ಹಾಲು ಹಾಕಲಿಲ್ಲ, ನಮ್ಮ ಬೆಲ್ಲವೇ ಇರಲಿ ಅಂದೆ. 120 ಮಿಲಿ ದಪ್ಪ ಕಾಯಿಹಾಲಿಗೆ 30 ಮಿಲಿ ಕಪ್ಪು ರಮ್, ಮೇಲೆ ಜಾಯಿಕಾಯಿ ಒಂದು ಉಜ್ಜು. ಓಲ್ಡ್ ಮಾಂಕ್‌ನಂಥ ಕಪ್ಪು ರಮ್ಮಿಗೆ ವೆನಿಲಾದ ಘಮ ಇದೆ. ಅದು ಬೆಲ್ಲದ ಜೊತೆ ಎಷ್ಟು ಚಂದ ಸೇರುತ್ತದೆ ಅಂದರೆ, ಬೇರೆ ಯಾವುದನ್ನೂ ನಾನು ಇದಕ್ಕೆ ಹಾಕಿಲ್ಲ. ಕಬ್ಬಿನಿಂದಲೇ ಬಂದ ಎರಡು ರುಚಿಗಳಲ್ಲವೇ.

ಬೊಂಡದ ನೀರಿಗೆ ಮಾತ್ರ ಕಪ್ಪು ರಮ್ ಬೇಡ, ಬೊಂಡವೇ ಕಾಣೆಯಾಗುತ್ತದೆ. ಬಿಳಿ ರಮ್ ಹಾಕಬೇಕು. ಮೊದಲ ಸಲ ಮೈದುನ ಬೊಂಡದ ಬಾಯಿ ತೆಗೆದು 60 ಮಿಲಿ ಸುರಿದುಬಿಟ್ಟ. ಬರೀ ಘಾಟು. ಅಳತೆ ಇಳಿಸುತ್ತಾ ಬಂದೆವು. ಕೊನೆಗೆ ಸರಿ ಅನ್ನಿಸಿದ್ದು ಇದು: 150 ಮಿಲಿ ಬೊಂಡದ ನೀರು, 30 ಮಿಲಿ ಬಿಳಿ ರಮ್, ಅರ್ಧ ಲಿಂಬೆ, ಚಿಟಿಕೆ ಉಪ್ಪು, 3 ತುಂಡು ಬೊಂಡದ ಐಸ್. ಸಕ್ಕರೆ ಬೇಡವೇ ಬೇಡ. ಚಿಪ್ಪಿನಲ್ಲೇ ಕೊಡುವ ಆಸೆ ಇದ್ದರೆ ಮೊದಲು ನೀರನ್ನೆಲ್ಲ ಹೊರಗೆ ಸುರಿದು, ಅಳೆದು, ಬೆರೆಸಿ ವಾಪಸ್ ತುಂಬಿ. ಚಿಪ್ಪಿನೊಳಗೆ ಎಷ್ಟಿದೆ ಅಂತ ಕಣ್ಣಳತೆಗೆ ಗೊತ್ತಾಗುವುದಿಲ್ಲ.

ಅವನೇ ಕಲಿಸಿದ ಇನ್ನೊಂದು ಪೀನ್ಯಾ ಕೊಲಾಡ. ಹಾಗಂದರೆ ಸೋಸಿದ ಅನಾನಸು ಅಂತ ಅರ್ಥವಂತೆ. ಪೋರ್ಟೊ ರಿಕೊದ ಸಾನ್ ಹ್ವಾನ್ ಊರಿನ ಕರೀಬೆ ಹಿಲ್ಟನ್ ಹೋಟೆಲಿನಲ್ಲಿ ರಮೋನ್ ಮರೇರೊ ಎಂಬುವರು 1954ರಲ್ಲಿ ಇದನ್ನು ಮಾಡಿದರು ಅಂತ ಆ ಹೋಟೆಲಿನವರು ಹೇಳುತ್ತಾರೆ. ಅದೇ ಊರಿನ ಇನ್ನೊಂದು ರೆಸ್ಟೊರೆಂಟ್, ಇಲ್ಲ, ಮೊದಲು ಮಾಡಿದ್ದು ನಮ್ಮಲ್ಲಿ ಅನ್ನುತ್ತದೆ. 1978ರಿಂದ ಅದು ಆ ದ್ವೀಪದ ಅಧಿಕೃತ ಪಾನೀಯ.

ಇದರಲ್ಲಿ ನಾನು ಪೆಟ್ಟು ತಿಂದದ್ದು ಅನಾನಸಿನಿಂದ. ಹಸಿ ಅನಾನಸು, ಐಸ್‌ಕ್ರೀಮು, ಕಾಯಿಹಾಲು ಸೇರಿಸಿ ಮಿಕ್ಸಿಗೆ ಹಾಕಿ ಜಗ್ಗಿನಲ್ಲಿಟ್ಟೆ. ಒಂದು ಗಂಟೆ ಬಿಟ್ಟು ಕುಡಿದರೆ ಬೇವಿನಷ್ಟು ಕಹಿ. ಹಸಿ ಅನಾನಸಿನಲ್ಲಿ ಬ್ರೊಮೆಲಿನ್ ಎಂಬ ಕಿಣ್ವ ಉಂಟು. ಅದು ಹಾಲಿನ ಪ್ರೊಟೀನನ್ನು ಕತ್ತರಿಸುತ್ತದೆ, ಕಹಿ ಬರುವುದು ಅದಕ್ಕೇ. ಪರಿಹಾರ ಸುಲಭ. ಅನಾನಸಿನ ತುಂಡುಗಳನ್ನು 2 ಚಮಚ ಸಕ್ಕರೆ ಹಾಕಿ ಐದಾರು ನಿಮಿಷ ಚೆನ್ನಾಗಿ ಕುದಿಸಿ ಆರಿಸಿ. ಬಿಸಿಗೆ ಆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಐಸ್‌ಕ್ರೀಮನ್ನೂ ಬಿಟ್ಟೆ. ಹೊರದೇಶದಲ್ಲಿ ಟಿನ್ನಿನಲ್ಲಿ ಸಿಗುವ ಸಿಹಿ ತೆಂಗಿನ ಕ್ರೀಮಿನ ಬದಲು ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಒಂದು ಲೋಟ ಮೊದಲ ಹಾಲಿಗೆ ಮುಕ್ಕಾಲು ಲೋಟ ಸಕ್ಕರೆ, ಚಿಟಿಕೆ ಉಪ್ಪು. ಸಣ್ಣ ಉರಿಯಲ್ಲಿ ಸಕ್ಕರೆ ಕರಗುವ ತನಕ ಕೈಯಾಡಿಸಿ. ಕುದಿ ಬರಬಾರದು. ಹೀಗೆ ಮಾಡಿದರೆ ಐಸ್ ಜೊತೆ ತಿರುಗಿಸುವಾಗ ಜಿಡ್ಡು ಕಾಳುಕಾಳಾಗುವುದು ಕಡಿಮೆ. ಒಬ್ಬರಿಗೆ ಈ ಕ್ರೀಮು 3 ದೊಡ್ಡ ಚಮಚ, ಅನಾನಸು ಅರ್ಧ ಲೋಟ, ಬಿಳಿ ರಮ್ 45 ಮಿಲಿ, ಐಸ್ ಒಂದು ಹಿಡಿ. ರಮ್ ಬಿಟ್ಟು ಲಿಂಬೆ ಹಿಂಡಿದರೆ ಅದೇ ಮಕ್ಕಳದ್ದು.

ಮನೆಯಲ್ಲಿ ನಾನು ಇಟ್ಟುಕೊಂಡ ಒಂದು ಕ್ರಮ ಉಂಟು. ಜಗ್ಗಿಗೆ ಯಾವತ್ತೂ ರಮ್ ಹಾಕುವುದಿಲ್ಲ. ಜಗ್ಗಿನದ್ದು ಎಲ್ಲರಿಗೂ, ಸ್ಟೀಲ್ ಲೋಟದಲ್ಲಿ. ರಮ್ ಬೇಕಾದ ದೊಡ್ಡವರಿಗೆ ಗಾಜಿನ ಲೋಟ, ಅದಕ್ಕೆ ಆಮೇಲೆ ಅಳೆದು ಹಾಕುವುದು. ತೆಂಗಿನ ಸಿಹಿಯಲ್ಲಿ ಮದ್ಯದ ರುಚಿ ಅಡಗಿಬಿಡುತ್ತದೆ. ಮಗು ಲೋಟ ಎತ್ತಿ ಗಟಗಟ ಕುಡಿದರೂ ಗೊತ್ತಾಗುವುದಿಲ್ಲ, ನನಗೆ ಅದೇ ಭಯ. ದೊಡ್ಡವರಿಗೂ ಅಷ್ಟೇ, ಶರಬತ್ತು ಅಂತ ಮೂರು ಲೋಟ ಮುಗಿಸಿರುತ್ತಾರೆ. ಬೊಂಡದ ನೀರು ಕುಡಿದರೆ ಅಮಲು ಇಳಿಯುತ್ತದೆ ಅನ್ನುವುದನ್ನೂ ನಂಬಬೇಡಿ. ಕುಡಿದವರು ಗಾಡಿ ಬಿಡಬಾರದು. ನಮ್ಮಲ್ಲಿ ಅಂಥವರಿಗೆ ಚಾವಡಿಯಲ್ಲೇ ಚಾಪೆ.

ಕಳ್ಳಿನ ಬಗ್ಗೆ ಕೇಳುವವರಿದ್ದಾರೆ. ಅದು ಮನೆಯಲ್ಲಿ ಮಾಡುವಂಥದ್ದಲ್ಲ. ಹೊಂಬಾಳೆ ಕಟ್ಟಿ, ತಟ್ಟಿ, ದಿನಾ ಮರ ಹತ್ತಿ ಇಳಿಸುವ ಕೆಲಸ ಮೂರ್ತೆದಾರರದ್ದು, ಅದಕ್ಕೆ ಪರವಾನಗಿ ಬೇಕು. ತೆಂಗಿನ ಕಳ್ಳನ್ನು ಬಟ್ಟಿ ಇಳಿಸಿದ ಫೆನಿಯನ್ನು ಗೋವಾಕ್ಕೆ ಹೋದಾಗ ಅಲ್ಲೇ ರುಚಿ ನೋಡಿದೆ. ಗೇರುಹಣ್ಣಿನದಕ್ಕಿಂತ ಮೆತ್ತಗಿತ್ತು.

ಹಿಂಡಿ ಉಳಿದ ತುರಿಯನ್ನು ಎಸೆಯಬೇಡಿ. ಜಿಡ್ಡು ಹೋಗಿದ್ದರೂ ಪಲ್ಯಕ್ಕೆ ಆಗುತ್ತದೆ, ಹುರಿದರೆ ಚಟ್ನಿಪುಡಿಗೂ ಸೈ. ಬೊಂಡದ ಚಿಪ್ಪನ್ನು ಮಾತ್ರ ಅವತ್ತೇ ಎರಡು ಹೋಳು ಮಾಡಿ ಅಂಗಳದಲ್ಲಿ ಕವುಚಿ ಹಾಕಬೇಕು. ಮೇಲ್ಮುಖ ಬಿಟ್ಟರೆ ಒಂದು ಬೇಸಿಗೆ ಮಳೆ ಸಾಕು, ನೀರು ನಿಂತು ಸೊಳ್ಳೆ ಮರಿ. ನಮ್ಮ ಕಡೆ ಡೆಂಗಿ, ಮಲೇರಿಯಾ ಎರಡೂ ಉಂಟು. ಚೆನ್ನಾಗಿ ಒಣಗಿದ ಮೇಲೆ ಅವೆಲ್ಲ ಬಚ್ಚಲ ಒಲೆಗೆ ಹೋಗುತ್ತವೆ. ಏಪ್ರಿಲಿನಲ್ಲಿ ಕುಡಿದ ಬೊಂಡ ಜೂನಿನ ಮಳೆಯಲ್ಲಿ ನಮಗೆ ಸ್ನಾನಕ್ಕೆ ನೀರು ಕಾಯಿಸುತ್ತದೆ.