ಬೇಸಿಗೆಗೆ ಮಲಗುವ ತೋಟ

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಹಳೆ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ಇಲ್ಲಿಗೆ ಬಂದವರು ನಾವು. ಮನೆ ಮುಂದೆ ಹತ್ತಡಿ ಅಗಲದ ಜಾಗ, ನೆಲ ಬರೀ ಗರಸು. ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ.

ಒಮ್ಮೆ ಆಲಮಟ್ಟಿ ಅಣೆಕಟ್ಟೆಯ ಉದ್ಯಾನ ನೋಡಿ ಬಂದೆ. ಆ ಹಸಿರು ಹುಲ್ಲುಹಾಸು ಕಣ್ಣಲ್ಲೇ ಕೂತುಬಿಟ್ಟಿತು. ನಾನೂ ಹುಲ್ಲು ಹಾಕಿದೆ, ಕ್ರೋಟನ್ ತಂದೆ, ಕುಂಡದಲ್ಲಿ ಪಾಮ್ ಇಟ್ಟೆ. ಆದರೆ ಅಲ್ಲಿ ಪಕ್ಕದಲ್ಲೇ ಕೃಷ್ಣೆ ಇದ್ದಾಳೆ, ನನ್ನ ಹತ್ತಿರ ಇರುವುದು ನಳದ ನೀರು. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿತು. ಕ್ರೋಟನ್ ಎಲೆಯ ಅಂಚು ಸುಟ್ಟ ರೊಟ್ಟಿಯ ಹಾಗೆ ಕರಗಾದವು. ಮೂರು ವರ್ಷ ಹೀಗೇ ತರುವುದು, ಒಣಗಿಸುವುದು.

ದಾರಿ ಸಿಕ್ಕಿದ್ದು ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ಕಾಲುದಾರಿಯಲ್ಲಿ. ಮೇ ತಿಂಗಳು. ಕೆಂಪು ಕಲ್ಲಿನ ಗುಡ್ಡ ಪೂರ್ತಿ ಒಣಗಿತ್ತು. ಬಂಡೆಯ ಬಿರುಕಿನಲ್ಲಿದ್ದ ಒಂದು ಕಡ್ಡಿ ಮುರಿಯಲು ಹೋದೆ. ಕುರಿ ಕಾಯುತ್ತಿದ್ದ ಅಜ್ಜ, ‘ಅಕ್ಕಾರ, ಅದು ಸತ್ತಿಲ್ರಿ. ಮಲಗೈತಿ, ಮಳಿ ಬಂದ್ರ ಏಳತೈತಿ’ ಅಂದರು. ಉಗುರಿನಿಂದ ತೊಗಟೆ ಕೆರೆದು ತೋರಿಸಿದರು. ಒಳಗೆ ಹಸಿರು! ಶ್ರಾವಣದಲ್ಲಿ ಮತ್ತೆ ಅದೇ ದಾರಿಯಲ್ಲಿ ಹೋದೆ. ಅದೇ ಬಿರುಕಿನ ತುಂಬ ಎಲೆ.

ಆಗ ಗೊತ್ತಾಯಿತು, ನಾನು ಬೆಳೆಸಬೇಕಾದ ತೋಟ ಇದೇ ಎಂದು. ನಮ್ಮದೂ ಉಷ್ಣವಲಯವೇ ಅಲ್ವಾ, ಆದರೆ ಒಣ ಉಷ್ಣವಲಯ. ವರ್ಷವಿಡೀ ಹಸಿರಾಗಿರುವುದು ಇಲ್ಲಿನ ಗಿಡಗಳ ಗುಣವಲ್ಲ. ನೀವೂ ಗಿಡ ಹಚ್ಚುವ ಮುಂಚೆ ಒಂದೇ ಗುಡ್ಡವನ್ನು ಎರಡು ಸಲ ನೋಡಿ, ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ. ಅಲ್ಲಿಂದ ಗಿಡ ಮಾತ್ರ ಕಿತ್ತು ತರಬೇಡಿ. ಬೀಳಗಿ ಕಡೆಯ ಯಡಹಳ್ಳಿ ಚಿಂಕಾರ ಧಾಮದಂಥ ಕಾಯ್ದಿಟ್ಟ ಕಾಡಿನಿಂದ ಒಂದು ಬೀಜವನ್ನೂ ಮುಟ್ಟಬೇಡಿ. ರಸ್ತೆಬದಿ, ಹೊಲದ ಬದುವಿನಲ್ಲೇ ಬೇಕಾದಷ್ಟು ಸಿಗುತ್ತದೆ.

ಮೊದಲು ತಂದದ್ದು ತಂಗಡಿ ಬೀಜ. ಕೆಲವರು ಆವರಿಕೆ ಅನ್ನುತ್ತಾರೆ. ಚಪ್ಪಟೆ ಕಾಯಿ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಬಿಡಿಸಬೇಕು. ಬೀಜದ ಸಿಪ್ಪೆ ಬಲು ಗಟ್ಟಿ, ಸುಮ್ನೆ ಮಣ್ಣಿಗೆ ಹಾಕಿದರೆ ಎಷ್ಟೋ ಬೀಜ ಏಳುವುದೇ ಇಲ್ಲ. ನಾನು ಕುದಿದ ನೀರನ್ನು ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಬೀಜ ಹಾಕಿ, ರಾತ್ರಿಯಿಡೀ ಬಿಡುತ್ತೇನೆ. ಬೆಳಗ್ಗೆ ಉಬ್ಬಿದವನ್ನು ಬಿತ್ತುತ್ತೇನೆ. ಉಬ್ಬದವನ್ನು ಒರಟು ಕಲ್ಲಿಗೆ ಒಂದೆರಡು ಸಲ ತಿಕ್ಕಿ ಮತ್ತೆ ನೆನೆಹಾಕುತ್ತೇನೆ. ಕಕ್ಕೆ ಬೀಜಕ್ಕೂ ಇದೇ ಉಪಾಯ.

ಸಸಿ ಎದ್ದವು. ಪ್ರೀತಿ ಜಾಸ್ತಿಯಾಗಿ ಗುಂಡಿ ತುಂಬ ಸಗಣಿ ಗೊಬ್ಬರ ಹಾಕಿದೆ, ದಿನಾ ನೀರು ಬಿಟ್ಟೆ. ಆರರಲ್ಲಿ ನಾಲ್ಕು ಹೋದವು. ಕಿತ್ತು ನೋಡಿದರೆ ಬೇರು ಕೊಳೆತು ಕರಗಾಗಿತ್ತು. ತುಂಬ ಸಂಕಟವಾಯಿತು. ಉಳಿದ ಎರಡು, ನಾನು ಮರೆತು ನೀರು ಬಿಡದ ಮೂಲೆಯಲ್ಲಿದ್ದವು.

ಈಗ ಒಂದೂವರೆ ಅಡಿ ಗುಂಡಿ ತೋಡಿ, ಅದೇ ಗರಸಿಗೆ ಒಂದು ಬೊಗಸೆ ಗೊಬ್ಬರ ಬೆರೆಸಿ ಮುಚ್ಚುತ್ತೇನೆ. ಮೃಗಶಿರ ಮಳೆ ಬಿದ್ದ ಮೇಲೇ ನೆಡುವುದು. ಮೊದಲ ಬೇಸಿಗೆಗೆ ವಾರಕ್ಕೊಂದು ಕೊಡ ನೀರು, ಎರಡನೆಯದಕ್ಕೆ ಹದಿನೈದು ದಿನಕ್ಕೊಮ್ಮೆ. ಆಮೇಲೆ ಬಿಟ್ಟುಬಿಡುತ್ತೇನೆ. ತಂಗಡಿ ಎಲೆಯ ಮೇಲೆ ಹಸಿರು ಹುಳ ಕಂಡರೆ ಔಷಧಿ ಹೊಡೆಯಬೇಡಿ. ತಿಳಿ ಹಳದಿ, ಬಿಳಿ ಚಿಟ್ಟೆಗಳ ಮರಿ ಅವು. ಎಲೆ ಮತ್ತೆ ಬರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗೌರಿಹೂವು. ನೆಂಟರ ಹೊಲದ ಬೇಲಿಯಿಂದ ಗಡ್ಡೆ ತಂದೆ. ನೇಗಿಲಿನ ಹಾಗೆ ಬಾಗಿದ ಗಡ್ಡೆ. ಮೊಳಕೆ ಇರುವುದು ತುದಿಯಲ್ಲಿ, ಅದು ಮುರಿದರೆ ಆ ಗಡ್ಡೆಯ ಆಸೆ ಬಿಡಬೇಕು. ಅಡ್ಡ ಮಲಗಿಸಿ ನಾಲ್ಕು ಬೆರಳು ಮಣ್ಣು ಮುಚ್ಚಿದೆ. ಈ ಬಳ್ಳಿಗೆ ಬೇರೆ ಕುಡಿ ಇಲ್ಲ, ಎಲೆಯ ತುದಿಯೇ ದಾರದ ಹಾಗೆ ಸುರುಳಿಯಾಗಿ ಪಕ್ಕದ ಕಡ್ಡಿ ಹಿಡಿಯುತ್ತದೆ. ಹೂವು ತಲೆ ಕೆಳಗೆ, ಎಸಳು ಮಾತ್ರ ಮೇಲಕ್ಕೆ. ಮೊದಲು ಹಳದಿ, ದಿನ ಕಳೆದಂತೆ ಕೆಂಪು. ಒಲೆಯ ಉರಿಯ ಹಾಗೇ ಕಾಣುತ್ತದೆ. ಚಳಿಗಾಲಕ್ಕೆ ಬಳ್ಳಿ ಪೂರ್ತಿ ಒಣಗುತ್ತದೆ. ಆಗ ಅಲ್ಲಿ ನೀರು ಹಾಕಬಾರದು, ಅಗೆಯಲೂಬಾರದು. ನಾನು ಗುರುತಿಗೆ ಒಂದು ಕಲ್ಲು ಇಟ್ಟಿದ್ದೇನೆ. ಗಿಡವೆಲ್ಲ ವಿಷ, ಗಡ್ಡೆಯಂತೂ ಪ್ರಾಣಕ್ಕೇ ಕುತ್ತು. ಸಣ್ಣ ಮಕ್ಕಳು, ದನ ಓಡಾಡುವ ಮನೆಯಲ್ಲಿ ಬೇಡವೇ ಬೇಡ.

ಬನ್ನಿಯನ್ನು ಹಿತ್ತಲ ಮೂಲೆಗೆ ಹಚ್ಚಿದೆ. ದಸರೆಗೆ ಬನ್ನಿ ಕೊಟ್ಟು ‘ಬಂಗಾರದಂಗ ಇರೂಣು’ ಅನ್ನುವವರು ನಾವು, ಆದರೆ ಮನೆಯಲ್ಲಿ ಗಿಡ ಇಟ್ಟವರು ಕಡಿಮೆ. ಸಸಿ ತರುವಾಗ ನೋಡಿ ತನ್ನಿ. ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ಇದರ ಹತ್ತಿರದ ಬಳಗ, ಸಣ್ಣದಿದ್ದಾಗ ಎರಡನ್ನೂ ಗುರುತಿಸುವುದು ಕಷ್ಟ.

ಮುತ್ತಲ ಮರ ದೊಡ್ಡದಾಗುತ್ತದೆ ಎಂದು ಕಾಂಪೌಂಡ್ ಹೊರಗೆ, ರಸ್ತೆ ಅಂಚಿಗೆ ನೆಟ್ಟೆ. ಮೂರು ವರ್ಷವಾಯಿತು. ಪ್ರತಿ ಬೇಸಿಗೆಗೆ ನೆಲದ ಮೇಲಿನ ಕಡ್ಡಿ ಒಣಗುತ್ತದೆ, ಪ್ರತಿ ಜೂನ್‌ಗೆ ಬುಡದಿಂದ ಮೂರೆಲೆಯ ಚಿಗುರು ಬರುತ್ತದೆ. ಇನ್ನೂ ಮೊಣಕಾಲೆತ್ತರ ದಾಟಿಲ್ಲ. ‘ಒಣಗೇತಲ್ರಿ, ಕಿತ್ತಿ ಒಗೀರಿ’ ಎಂದು ಎದುರು ಮನೆಯ ಕಾಕು ಹೋದ ಮೇನಲ್ಲೂ ಹೇಳಿದರು. ಅವರ ಕೈ ಹಿಡಿದು ಕೂರಿಸಿ, ಉಗುರಿನಿಂದ ಬುಡದ ತೊಗಟೆ ಕೆರೆದು ತೋರಿಸಿದೆ.