ಭೂಶಾಖದ ಪಾಠ ಶುರುವಾಗಿದ್ದು ರೈಲಿನಲ್ಲಿ

ಭೂಶಾಖ ವಿದ್ಯುತ್ ಸ್ಥಾವರ ತೋರಿಸಲು ವಿದ್ಯಾರ್ಥಿಗಳನ್ನು ಕರೆದೊಯ್ಯುವುದೆಂದಾಗ ಬಸ್ಸು ಬೇಡ, ರೈಲೇ ಇರಲಿ ಎಂದು ಹಟ ಹಿಡಿದವನು ನಾನು. ಸ್ಥಾವರದೊಳಗೆ ಟರ್ಬೈನಿನ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ಹೇಳುವುದನ್ನೆಲ್ಲ ದಾರಿಯಲ್ಲೇ ಹೇಳಿ ಮುಗಿಸಬೇಕು. ಅದಕ್ಕೆ ಎದುರುಬದುರು ಕೂರುವ ಸೀಟುಗಳೇ ಸರಿ.

ಸುರಂಗವೊಂದು ಬಂದಾಗ ಕೇಳಿದೆ: ನೆಲದೊಳಕ್ಕೆ ಹೋದಷ್ಟೂ ತಂಪೋ, ಬಿಸಿಯೋ? ಹೆಚ್ಚಿನವರು ತಂಪು ಎಂದರು. ಗುಹೆಯ ತಂಪು ಅವರ ತಲೆಯಲ್ಲಿತ್ತು. ಆಗ ಸ್ವಿಟ್ಜರ್ಲೆಂಡಿನ ಗೊಟ್ಹಾರ್ಡ್ ಬೇಸ್ ಸುರಂಗದ ವಿಷಯ ತೆಗೆದೆ. 2016ರಲ್ಲಿ ತೆರೆದ, 57 ಕಿ.ಮೀ. ಉದ್ದದ ಈ ರೈಲು ಸುರಂಗದ ನೆತ್ತಿಯ ಮೇಲೆ ಕೆಲವೆಡೆ 2 ಕಿ.ಮೀ.ಗೂ ಹೆಚ್ಚು ಬೆಟ್ಟವಿದೆ. ಕೊರೆಯುವಾಗ ಅಲ್ಲಿನ ಬಂಡೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿಯಿತ್ತು. ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುತ್ತದೆ ಎಂದೆ.

"ಸರ್, ಹಾಗಾದ್ರೆ ಎಲ್ಲಿ 5 ಕಿ.ಮೀ. ಕೊರೆದ್ರೂ ನೀರು ಕುದೀತಿರುತ್ತಾ?" ಎಂದಳು ಒಬ್ಬಳು. ಪ್ರವಾಸದಲ್ಲೇ ಒಳ್ಳೆಯ ಪ್ರಶ್ನೆ ಅದು. ಅಷ್ಟು ಆಳದ ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮೇಲೆ ಬಂದು ಒತ್ತಡ ತಗ್ಗಿದಾಗಲೇ ಒಂದು ಪಾಲು ಥಟ್ಟನೆ ಆವಿಯಾಗುತ್ತದೆ. ನಾವು ನೋಡಹೊರಟ ಟರ್ಬೈನನ್ನು ತಿರುಗಿಸುವುದೂ ಈ ಆವಿಯೇ. ಆದರೆ ಬರೀ ಶಾಖವಿದ್ದರೆ ಸಾಲದು. ಅದನ್ನು ಹೊತ್ತು ತರಲು ನೀರು ಬೇಕು, ನೀರು ಓಡಾಡಲು ಬಂಡೆಯಲ್ಲಿ ಬಿರುಕಿರಬೇಕು.

ಗೇಟಿನಲ್ಲೇ ಕೊಳೆತ ಮೊಟ್ಟೆಯ ವಾಸನೆ ಸ್ವಾಗತಿಸಿತು: ಹೈಡ್ರೋಜನ್ ಸಲ್ಫೈಡ್. ಟರ್ಬೈನ್ ಇರುವ ಕೋಣೆಯನ್ನು ಬೇಗ ದಾಟಿಸಿದೆ, ಅಲ್ಲಿ ಕಾಣುವುದು ಹೊರಕವಚವಷ್ಟೇ. ಮಕ್ಕಳು ಮುತ್ತಿಕೊಂಡಿದ್ದು ಸಿಬ್ಬಂದಿ ಎತ್ತಿಟ್ಟಿದ್ದ ಹಳೆ ಪೈಪಿನ ತುಂಡನ್ನು. ಒಳಗೋಡೆಗೆ ಬೆರಳು ದಪ್ಪದ ಬಿಳಿ ಪದರ, ಉಗುರಿನಿಂದ ಕೆರೆದರೆ ಜಗ್ಗದು. ಬಿಸಿನೀರಿನಲ್ಲಿ ಕರಗಿ ಬಂದ ಸಿಲಿಕಾ, ನೀರು ತಣಿದಂತೆ ಹೀಗೆ ಕಟ್ಟಿಕೊಳ್ಳುತ್ತದೆ. ಇಷ್ಟು ಹೇಳಲು ತರಗತಿಯಲ್ಲಿ ನನಗೆ ಒಂದಿಡೀ ಪೀರಿಯಡ್ ಹಿಡಿಯುತ್ತಿತ್ತು.

ಬಳಸಿದ ನೀರನ್ನು ಭೂಮಿಗೇ ಮರಳಿಸುವ ಬಾವಿಯನ್ನೂ ತಪ್ಪದೆ ತೋರಿಸಿದೆ. ನೋಡಲು ಬರೀ ಒಂದು ವಾಲ್ವು. ಅದರ ಬೆಲೆ ತಿಳಿಸಲು ಮರಳುವಾಗ ಕ್ಯಾಲಿಫೋರ್ನಿಯಾದ 'ದ ಗೀಸರ್ಸ್' ಎಂಬ ಭೂಶಾಖ ವಿದ್ಯುತ್ ಕ್ಷೇತ್ರದ ಉದಾಹರಣೆ ಕೊಟ್ಟೆ. ಮಿತಿಮೀರಿ ಆವಿ ತೆಗೆದು 1980ರ ದಶಕದ ಕೊನೆಗೆ ಅಲ್ಲಿ ಒತ್ತಡ ಕುಸಿಯಿತು. ಆಮೇಲೆ ಊರುಗಳ ಸಂಸ್ಕರಿಸಿದ ಕೊಳಚೆ ನೀರನ್ನು ಪೈಪಿನಲ್ಲಿ ತಂದು ನೆಲದೊಳಕ್ಕೆ ಬಿಡತೊಡಗಿದರು.

ಪ್ರವಾಸದ ವರದಿಯನ್ನು ಹಾಳೆಗಟ್ಟಲೆ ಬರೆಸಲಿಲ್ಲ. ಒಂದು ಹನಿ ನೀರು ಮೇಲೆ ಬಂದು ಮತ್ತೆ ನೆಲ ಸೇರುವ ದಾರಿ ಬಿಡಿಸಿ, ಎಲ್ಲೆಲ್ಲಿ ಒತ್ತಡ, ಉಷ್ಣತೆ ಇಳಿಯಿತೆಂದು ಗುರುತು ಮಾಡಿ ಎಂದೆ. ರೈಲು ಇಳಿಯುವಷ್ಟರಲ್ಲಿ ಬಹುತೇಕರದು ಮುಗಿದಿತ್ತು.